ದುರ್ಗಮ

ನಮ್ಮ ಪ್ರವಾಸ ಸಾಹಿತ್ಯದಲ್ಲಿ ಬೆಟ್ಟಗಳಿಗೆಂದೇ ಮೀಸಲಾದ ಕೆಲವು ಮಾತುಗಳುಂಟು. ‘ರುದ್ರರಮಣೀಯ’ ಎಂಬುದು ಅವುಗಳಲ್ಲಿ ಅಗ್ರಗಣ್ಯ. ‘ಪ್ರಕೃತಿಮಾತೆಯ ಮಡಿಲು’, ‘ನಿರ್ಜನ ಗಾಂಭೀರ್ಯ’, ‘ಮಾನವ ಸ್ಪರ್ಶವರಿಯದ ತಾಣ’ ಇವೆಲ್ಲ ಅದರ ಪರಿವಾರ. ಲೇಖಕನು ನೆತ್ತಿಯವರೆಗೆ ಏರುತ್ತಾನೆ. ಉಸಿರು ಬಿಗಿಹಿಡಿದು ಕೆಳಗೆ ನೋಡುತ್ತಾನೆ. ತನ್ನ ಅಲ್ಪತೆಯನ್ನು ನೆನೆದು ಒಂದು ನಿಟ್ಟುಸಿರು ಬಿಡುತ್ತಾನೆ. ಅಲ್ಲಿಗೆ ಪ್ರಬಂಧ ಸಮಾಪ್ತವಾಗುತ್ತದೆ. ಇಂಥ ಬರಹಗಳಿಂದ ದೊರೆಯುವ ಸಂತೋಷವನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದಲ್ಲಿ ಎಂಟು ದಿನ ಕಾಲ್ನಡಿಗೆಯಲ್ಲಿ ಸುತ್ತಿ ಬಂದ ಮೇಲೆ ಆ ಮಾತುಗಳಲ್ಲಿರುವ ಕೊರತೆಯೇನೆಂಬುದು ನನಗೆ ಸ್ಪಷ್ಟವಾಗಿದೆ. ಅವು ನೋಡಲು ಬಂದವನ ಮಾತುಗಳು. ಅಲ್ಲಿಗೆ ಓಡಿ ಬಂದವನ ಮಾತು, ಅಲ್ಲಿ ಒಲೆ ಹೂಡಿ ಉಳಿದವನ ಮಾತು ಅವುಗಳಲ್ಲಿ ಕೇಳಿಸುವುದಿಲ್ಲ.

ಈ ದ್ವೀಪವಿರುವುದು ಮಡಗಾಸ್ಕರದಿಂದ ಪೂರ್ವಕ್ಕೆ ಸುಮಾರು 700 ಕಿಲೋಮೀಟರು ದೂರದಲ್ಲಿ. ವಿಸ್ತೀರ್ಣ ಸುಮಾರು 2,500 ಚದರ ಕಿಲೋಮೀಟರು, ಎಂದರೆ ನಮ್ಮ ಎರಡು ದೊಡ್ಡ ತಾಲ್ಲೂಕುಗಳಷ್ಟು. 1946ರಿಂದ ಅದು ಫ್ರಾನ್ಸಿನ ಒಂದು ಆಡಳಿತ ವಿಭಾಗ. ಜನರು ವಾಸಿಸುವುದು ಬಹುಮಟ್ಟಿಗೆ ಕಡಲಂಚಿನಲ್ಲಿ, ಒಳನಾಡೆಲ್ಲ ಬೆಟ್ಟ. ಬೆಟ್ಟವೆಂಬ ಮಾತೂ ಇಲ್ಲಿ ಸಾಲದು. ಇಡೀ ದ್ವೀಪವೇ ಸಮುದ್ರತಳದಿಂದ ಸುಮಾರು ಏಳು ಕಿಲೋಮೀಟರು ಎತ್ತರಕ್ಕೆ ಎದ್ದು ನಿಂತ ಒಂದು ಅಗ್ನಿಪರ್ವತದ ರಾಶಿ. ನೀರಿನಿಂದ ಮೇಲೆ ಕಾಣುವುದು ಅದರ ಅರ್ಧಕ್ಕೂ ಕಡಿಮೆ. ಅದಕ್ಕೆ ಎರಡು ತಲೆ. ಒಂದು ಪಿತೋಂ ದೆ ನೇಜ್, ‘ಹಿಮದ ಶಿಖರ’. 3,070 ಮೀಟರು ಎತ್ತರ, ಸಾವಿರಾರು ವರ್ಷಗಳಿಂದ ತಣ್ಣಗಿದೆ. ಇನ್ನೊಂದು ಪಿತೋಂ ದ ಲಾ ಫುರ್ನೇಜ್, ‘ಕುಲುಮೆಯ ಶಿಖರ’; 2,632 ಮೀಟರು, ಇಂದಿಗೂ ಉರಿಯುತ್ತಿದೆ. ಸರಾಸರಿ ವರ್ಷಕ್ಕೊಮ್ಮೆಯಾದರೂ ಅದು ಬಾಯ್ದೆರೆಯುತ್ತದೆ ಎಂದರೆ ಅತಿಶಯೋಕ್ತಿಯಾಗದು.

ಕನ್ನಡಿಗನಾದವನಿಗೆ ಇಲ್ಲಿ ಒಂದು ಆಶ್ಚರ್ಯ ಕಾದಿದೆ. ಭೂಮಿಯ ಒಡಲಾಳದಿಂದ ಒಂದೇ ಸ್ಥಾನದಲ್ಲಿ ಉಕ್ಕಿಬರುವ ಬಿಸಿಯ ಒರತೆಯೊಂದು ಈ ದ್ವೀಪದ ಕೆಳಗಿದೆ. ಒರತೆ ಬಹುಮಟ್ಟಿಗೆ ನಿಂತಲ್ಲೇ ನಿಂತಿದೆ. ಅದರ ಮೇಲಿನ ನೆಲ ಮಾತ್ರ ಚಲಿಸುತ್ತ ಹೋಗಿದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಅದರ ಮೇಲೆ ಹಾದುಹೋಗುತ್ತಿದ್ದ ನೆಲ ನಮ್ಮದು. ದಖ್ಖನ್ನಿನ ಕಪ್ಪುಶಿಲೆಯ ಹಾಸು ಆಗ ಉಕ್ಕಿ ಹರಿದದ್ದು ಇದೇ ಒರತೆಯಿಂದ ಎಂಬುದು ಭೂವಿಜ್ಞಾನಿಗಳಲ್ಲಿ ಹೆಚ್ಚಿನವರ ಅಭಿಪ್ರಾಯ. ಆಮೇಲೆ ಲಕ್ಷದ್ವೀಪ, ಮಾಲ್ಡೀವ್ಸ್, ಶಾಗೋಸ್, ಮಾರಿಷಸ್ ಎಂದು ಅದರ ಹೆಜ್ಜೆಯ ಗುರುತು ದಕ್ಷಿಣಕ್ಕೆ ಸಾಗಿದೆ. ಕಡೆಯ ಹೆಜ್ಜೆ ರೀಯೂನಿಯನ್. ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಎರೆಭೂಮಿ ಆ ಶಿಲೆ ಸವೆದು ಆದ ಮಣ್ಣು. ಗೋಳಗುಮ್ಮಟವನ್ನು ಕಟ್ಟಿರುವುದೂ ಅದೇ ಕಲ್ಲಿನಿಂದ. ನಾನು ಹುಟ್ಟಿ ಬೆಳೆದದ್ದು ವಿಜಯಪುರದ ಸೀಮೆಯಲ್ಲಿ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದ ಆ ಕರಿಮಣ್ಣಿನ ಹೊಸ ರೂಪವನ್ನು, ಇನ್ನೂ ಮಣ್ಣಾಗದ, ಒಂದು ಗರಿಕೆಗೂ ಎಡೆಗೊಡದ ಶಿಲೆಯಾಗಿ ಅಲ್ಲಿ ಮುಟ್ಟಿ ನೋಡಿದೆ. ಹೊರನಾಡಿನಲ್ಲಿ ದೂರದ ನೆಂಟನೊಬ್ಬನ ಚಿಕ್ಕ ಮಗುವನ್ನು ಎತ್ತಿಕೊಂಡಂತಾಯಿತು.

ಕುಲುಮೆಯ ಶಿಖರದ ಕಡೆಗೆ ನಡೆಯುವುದು ಸುಲಭವಲ್ಲ, ಕಠಿಣವೂ ಅಲ್ಲ. ಬೂದಿಯ ಬಣ್ಣದ ಮರಳುಗಾಡೊಂದನ್ನು ದಾಟಿ, ಬೆಲ್‌ಕೋಂಬ್ ಎಂಬ ಅಂಚಿಗೆ ಬಂದು ನಿಂತರೆ ಕೆಳಗೆ ಒಂದು ವಿಶಾಲವಾದ ಕಪ್ಪು ಕೊಳಗ. ಐನೂರಕ್ಕೂ ಮಿಕ್ಕ ಮೆಟ್ಟಿಲು ಇಳಿದು ಅದರ ತಳಕ್ಕೆ ಹೋಗಬೇಕು. ಹೆಪ್ಪುಗಟ್ಟಿದ ಲಾವಾ ಕೆಲವೆಡೆ ಹೊಸೆದ ಹಗ್ಗದ ಸುರುಳಿಯಂತಿದೆ, ಕೆಲವೆಡೆ ಉತ್ತು ಬಿಟ್ಟ ಹೆಂಟೆಗಳಂತಿದೆ. ದಾರಿಯೆಂದರೆ ಆ ಕಪ್ಪಿನ ಮೇಲೆ ಬಳಿದ ಬಿಳಿಯ ಬಣ್ಣದ ಗುರುತುಗಳು ಮಾತ್ರ. ಮಂಜು ಇಳಿದರೆ ಒಂದು ಗುರುತಿನಲ್ಲಿ ನಿಂತವನಿಗೆ ಮುಂದಿನದು ಕಾಣುವುದಿಲ್ಲ. 2007ರ ಏಪ್ರಿಲಿನಲ್ಲಿ ಇಲ್ಲಿ ಮಹಾಸ್ಫೋಟವಾದಾಗ ನೆತ್ತಿಯ ಕುಂಡದ ತಳವೇ ಮುನ್ನೂರು ಮೀಟರಿಗಿಂತ ಹೆಚ್ಚು ಆಳಕ್ಕೆ ಕುಸಿದುಹೋಯಿತು. ಅದಕ್ಕೂ ಮೂವತ್ತು ವರ್ಷ ಹಿಂದೆ, 1977ರಲ್ಲಿ, ಲಾವಾ ಎಂದಿನ ತನ್ನ ಎಲ್ಲೆಯನ್ನು ಮೀರಿ ಪಿತೋಂ ಸೇಂತ್ ರೋಜ್ ಎಂಬ ಹಳ್ಳಿಯೊಳಕ್ಕೆ ಹರಿಯಿತು. ಇಗರ್ಜಿಯ ಬಾಗಿಲಿನವರೆಗೆ ಬಂದು, ಹೊಸ್ತಿಲು ದಾಟಿ, ಅಲ್ಲಿ ನಿಂತಿತು. ಜನ ಮೊದಲೇ ಊರು ಬಿಟ್ಟಿದ್ದರು. ಈಗ ಆ ಗುಡಿಗೆ ‘ಲಾವಾಗಳ ಮಾತೆ’ ಎಂದು ಹೆಸರು. ಆ ಪವಾಡವನ್ನು ನಂಬುವವರು ನಂಬಲಿ. ಸರ್ಕಾರವಂತೂ ಅದರ ಬಳಿಕ, 1979ರಲ್ಲಿ, ಅಗ್ನಿಪರ್ವತದ ನಿರೀಕ್ಷಣಾಲಯವೊಂದನ್ನು ಸ್ಥಾಪಿಸಿತು.

ಇಲ್ಲಿ ‘ರುದ್ರ’ವೆಂಬ ಮಾತು ಸಲ್ಲುತ್ತದೆ. ಮನುಷ್ಯನಿಗೆ ಇಲ್ಲಿ ಎಂದೂ ಮನೆಯಿರಲಿಲ್ಲ. ನಮ್ಮ ಲೇಖಕರು ಬಯಸುವ ನಿರ್ಜನತೆ ಇಲ್ಲಿ ನಿಜವಾದುದು. ಆದ್ದರಿಂದ ಈ ಭಾಗದ ಬಗ್ಗೆ ನನಗೆ ಯಾರೊಡನೆಯೂ ತಕರಾರಿಲ್ಲ. ತಕರಾರು ಹುಟ್ಟುವುದು ದ್ವೀಪದ ಆಚೆ ಬದಿಗೆ, ಹಿಮದ ಶಿಖರದ ಸುತ್ತಿನ ಕಣಿವೆಗಳಿಗೆ ಹೋದಾಗ.

ಆ ಹಳೆಯ ಪರ್ವತದ ಒಡಲು ಕುಸಿದು, ಮಳೆನೀರು ಲಕ್ಷಾಂತರ ವರ್ಷ ಕೊರೆದು, ಮೂರು ಮಹಾಕೂಪಗಳಾಗಿವೆ: ಸಲಾಜಿ, ಸಿಲಾವೋಸ್, ಮಫಾತ್. ಆ ಮಳೆಯ ಬಗ್ಗೆಯೂ ಒಂದು ಮಾತು ಹೇಳಬೇಕು. 1980ರ ಜನವರಿಯಲ್ಲಿ ಚಂಡಮಾರುತವೊಂದು ಸುತ್ತಿ ಸುತ್ತಿ ಬಂದಾಗ ಇಲ್ಲಿನ ಒಂದು ಎತ್ತರದ ಸ್ಥಳದಲ್ಲಿ ಹದಿನೈದು ದಿನಗಳಲ್ಲಿ 6,083 ಮಿಲಿಮೀಟರು ಮಳೆ ಬಿತ್ತು. ಆಗುಂಬೆಯಲ್ಲಿ ವರ್ಷವಿಡೀ ಬೀಳುವ ಮಳೆಯ ಬಹುಪಾಲು ಒಂದು ಪಕ್ಷದಲ್ಲಿ ಬಿದ್ದಂತೆ! ಇಂಥ ನೀರು ಇಂಥ ಸಡಿಲ ಕಲ್ಲಿನ ಮೇಲೆ ಬಿದ್ದರೆ ಏನಾಗಬಹುದೋ ಅದೇ ಆಗಿದೆ. ಕೆಲವೆಡೆ ಸಾವಿರ ಮೀಟರು ಎತ್ತರದ ಗೋಡೆಗಳು ನೆಟ್ಟಗೆ ನಿಂತಿವೆ. ಒಳಗೆ ಕೊರಕಲುಗಳು, ಕತ್ತಿಯ ಅಲಗಿನಂಥ ದಿಣ್ಣೆಗಳು. ಅವುಗಳ ನಡುವೆ ಅಲ್ಲಲ್ಲಿ, ಉಳಿಯಲೆಂದೇ ಉಳಿದಂತೆ, ಅಂಗೈಯಗಲದ ಸಮನೆಲಗಳು. ಆ ಸಮನೆಲವನ್ನು ಅಲ್ಲಿಯವರು ‘ಇಲೆ’ ಎನ್ನುತ್ತಾರೆ, ಕಿರುದ್ವೀಪ ಎಂದು. ಸುತ್ತ ನೀರಿಲ್ಲ, ಪ್ರಪಾತವಿದೆ, ಆದರೂ ದ್ವೀಪವೆ. ಹೆಸರಿಟ್ಟವನು ಒಳ್ಳೆಯ ಕವಿ.

ಮೂರು ಕೂಪಗಳಲ್ಲಿ ಸಲಾಜಿಗೂ ಸಿಲಾವೋಸಿಗೂ ರಸ್ತೆಯುಂಟು. ಮಫಾತಿಗೆ ಇಲ್ಲ. ನಾನು ಇಳಿದದ್ದು ಸಲಾಜಿಯ ಕಡೆಯಿಂದ, ‘ಎತ್ತುಗಳ ಕಂಡಿ’ ಎಂದು ಕರೆಯುವ, ಸುಮಾರು 1,950 ಮೀಟರು ಎತ್ತರದ ಸಂದಿಯ ಮೂಲಕ. ಇಳಿಯುತ್ತಲೇ ಒಂದು ಕಾಡು. ಅದರ ಮರಗಳಿಗೆ ‘ಎತ್ತರದ ಹುಣಿಸೆ’ ಎಂದು ಹೆಸರಾದರೂ ಹುಣಿಸೆಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಅದು ಜಾಲಿಯ ಜಾತಿ. ಬಿರುಗಾಳಿಗೆ ಬಾಗಿ, ನೆಲಕ್ಕೊರಗಿ, ಮತ್ತೆ ಎದ್ದು ಬೆಳೆದು, ಮೈತುಂಬ ಪಾಚಿ ಹೊದ್ದ ಮುದುಕರಂತೆ ಅವು ನಿಂತಿವೆ. ಕೆಸರಿನ ಮೇಲೆ ಅಡ್ಡಡ್ಡ ಜೋಡಿಸಿದ ಮರದ ತುಂಡುಗಳ ಮೇಲೆ ನಡೆಯಬೇಕು. ಟೆಕ್-ಟೆಕ್ ಎಂದು ಕೂಗುವ, ಗುಬ್ಬಿಗಿಂತ ಚಿಕ್ಕದಾದ ಹಕ್ಕಿಯೊಂದು ನಡೆಯುವವನ ಜೊತೆಗೆ ಪೊದೆಯಿಂದ ಪೊದೆಗೆ ಹಾರುತ್ತ ಬಹುದೂರ ಬರುತ್ತದೆ. ಎರಡು ಗಂಟೆಯಲ್ಲಿ ಲಾ ನೂವೆಲ್ ಎಂಬ ಹಳ್ಳಿ; ಮತ್ತೆರಡು ಗಂಟೆ ನಡೆದರೆ ಮಾರ್ಲಾ. ದೂರವನ್ನು ಇಲ್ಲಿ ಯಾರೂ ಕಿಲೋಮೀಟರಿನಲ್ಲಿ ಹೇಳುವುದಿಲ್ಲ. ದಾರಿಯ ಫಲಕಗಳಲ್ಲಿಯೂ ಗಂಟೆಯ ಲೆಕ್ಕವೆ. ಎದುರಿನ ದಿಣ್ಣೆಯ ಹಳ್ಳಿ ಕೂಗಿದರೆ ಕೇಳಿಸುವಷ್ಟು ಹತ್ತಿರ. ಆದರೆ ನಡುವೆ ನಾನೂರು ಮೀಟರು ಇಳಿತ, ಒಂದು ಹೊಳೆ, ನಾನೂರು ಮೀಟರು ಏರು. ಕಣ್ಣಿಗೆ ಕಂಡದ್ದು ಕಾಲಿಗೆ ಸಿಗುವುದಿಲ್ಲ ಎಂಬುದೇ ಈ ನೆಲದ ಮುಖ್ಯಗುಣ.

ನನ್ನ ವಾದಕ್ಕೆ ಬೇಕಾದ ಶಬ್ದ ಇಲ್ಲೇ ಇದೆ. ಸಂಸ್ಕೃತದಿಂದ ನಮ್ಮಲ್ಲಿಗೆ ಬಂದ ‘ದುರ್ಗ’ವೆಂಬ ಮಾತಿಗೆ ಮೂಲಾರ್ಥ ‘ಹೋಗಲು ಕಷ್ಟವಾದದ್ದು’ ಎಂದು. ಅದೇ ಕಾರಣದಿಂದ ಅದಕ್ಕೆ ‘ಕೋಟೆ’ ಎಂಬ ಅರ್ಥ ಬಂತು. ದುರ್ಗಮತೆ ಹೊರಗಿನವನಿಗೆ ಅಡ್ಡಿ, ಒಳಗಿನವನಿಗೆ ರಕ್ಷೆ. ಬೆಟ್ಟ ನೋಡುವ ನಮ್ಮ ಲೇಖಕರಿಗೆ ಈ ಎರಡನೆಯ ಅರ್ಥ ಮರೆತುಹೋಗಿದೆ. ಅವರಿಗೆ ದುರ್ಗಮತೆಯೆಂದರೆ ತಮ್ಮ ಏದುಸಿರಿನ ಅಳತೆ.

ಹದಿನೇಳನೆಯ ಶತಮಾನದವರೆಗೆ ಈ ದ್ವೀಪದಲ್ಲಿ ಮನುಷ್ಯರೇ ಇರಲಿಲ್ಲ. 1663ರಲ್ಲಿ ನೆಲಸಲು ಬಂದ ಮೊದಲ ತಂಡದಲ್ಲಿ ಇಬ್ಬರು ಫ್ರೆಂಚರು, ಹತ್ತು ಮಂದಿ ಮಡಗಾಸ್ಕರದವರು. ಆ ಹತ್ತರಲ್ಲಿ ಮೂವರು ಹೆಂಗಸರು. ಸ್ವಲ್ಪ ಕಾಲದಲ್ಲೇ ಜಗಳವಾಗಿ ಆ ಹತ್ತು ಮಂದಿ ಬೆಟ್ಟಕ್ಕೆ ಓಡಿದರು. ದ್ವೀಪದ ಚರಿತ್ರೆಯ ಮೊದಲ ಪುಟದಲ್ಲೇ ಈ ಪಲಾಯನವಿದೆ ಎಂಬುದನ್ನು ವಾಚಕರು ಗಮನಿಸಬೇಕು. ಮುಂದೆ ಕಾಫಿಯ ತೋಟಗಳಾದವು, ಅನಂತರ ಕಬ್ಬು. ದುಡಿಯಲು ಮಡಗಾಸ್ಕರದಿಂದ, ಪೂರ್ವ ಆಫ್ರಿಕದಿಂದ, ಕೆಲವರನ್ನು ಭಾರತದಿಂದಲೂ ಗುಲಾಮರನ್ನಾಗಿ ತಂದರು. ಓಡಿಹೋದವರಿಗೆ ಏನು ಶಿಕ್ಷೆಯೆಂಬುದನ್ನು 1723ರ ಡಿಸೆಂಬರಿನಲ್ಲಿ ಹದಿನೈದನೆಯ ಲೂಯಿ ದೊರೆಯ ಹೆಸರಿನಲ್ಲಿ ಹೊರಟ ಶಾಸನ ಕ್ರಮವಾಗಿ ವಿಧಿಸಿತು. ಒಂದು ತಿಂಗಳು ತಲೆಮರೆಸಿಕೊಂಡವನಿಗೆ ಕಿವಿಗಳನ್ನು ಕೊಯ್ದು ಹೆಗಲಿಗೆ ಬರೆ. ಎರಡನೆಯ ಸಲ ಓಡಿದರೆ ಮೊಣಕಾಲಿನ ಹಿಂದಿನ ನರ ಕತ್ತರಿಸಿ ಇನ್ನೊಂದು ಹೆಗಲಿಗೆ ಬರೆ. ಮೂರನೆಯ ಸಲ ಮರಣ. ಹೆಗಲಿಗೆ ಒತ್ತುತ್ತಿದ್ದ ಬರೆಯ ಆಕಾರ ಫ್ರೆಂಚ್ ರಾಜಮನೆತನದ ಲಾಂಛನವಾದ ನೈದಿಲೆ ಹೂವು.

ಎರಡನೆಯ ಶಿಕ್ಷೆಯನ್ನು ಆ ಬೆಟ್ಟದ ದಾರಿಯಲ್ಲಿ ನಡೆಯುತ್ತ ಯೋಚಿಸಿ ನೋಡಬೇಕು. ಮೊಣಕಾಲ ಹಿಂದಿನ ನರವಿಲ್ಲದವನು ಈ ಏರನ್ನು ಏರಲಾರ, ಈ ಇಳಿಜಾರನ್ನು ಇಳಿಯಲಾರ. ಶಾಸನ ಬರೆದವರಿಗೆ ಈ ನೆಲದ ಸ್ವರೂಪ ಚೆನ್ನಾಗಿ ತಿಳಿದಿತ್ತು; ಬೆಟ್ಟವನ್ನು ನೆಲಸಮ ಮಾಡಲಾಗದೆ ಕಾಲನ್ನು ಕಡಿದರು.

ಹೀಗಿದ್ದೂ ಜನ ಓಡಿದರು. ಕೂಪಗಳ ಒಳಗೆ, ಕೈಯಗಲದ ಇಲೆಗಳ ಮೇಲೆ, ಹೊಗೆ ಕಾಣದಂತೆ ಒಲೆ ಹಚ್ಚಿ ಬಾಳಿದರು. ಅವರನ್ನು ಬೇಟೆಯಾಡಲು ತಂಡಗಳು ಹೋಗುತ್ತಿದ್ದವು. ಕೊಂದುದಕ್ಕೆ ಸಾಕ್ಷಿಯಾಗಿ ಕೈಯನ್ನು ಕತ್ತರಿಸಿ ತಂದು ಬಹುಮಾನ ಪಡೆಯುತ್ತಿದ್ದರು. ಹದಿನೆಂಟನೆಯ ಶತಮಾನದ ನಡುವೆ ಮುಸ್ಸಾರ್ ಎಂಬವನು ಈ ವೃತ್ತಿಯಲ್ಲಿ ಪ್ರಖ್ಯಾತನಾದ. ಹಿಮದ ಶಿಖರದ ಹತ್ತಿರದ ಒಂದು ಗುಹೆಗೆ ಇಂದಿಗೂ ಅವನ ಹೆಸರಿದೆ. ಆದರೆ ಮಿಕ್ಕ ಹೆಸರುಗಳು ಅವನು ಅಟ್ಟಿಸಿಕೊಂಡು ಹೋದವರವು. ಮಫಾತ್ ಎಂಬುದು ಅಂಥ ಒಬ್ಬ ನಾಯಕನ ಹೆಸರು. ಮಡಗಾಸ್ಕರದ ಭಾಷೆಯಲ್ಲಿ ಅದಕ್ಕೆ ‘ಕೊಲ್ಲುವವನು’ ಎಂಬ ಅರ್ಥ ಹೇಳುತ್ತಾರೆ. ಸಿಲಾವೋಸ್ ಎಂದರೆ ‘ಬಿಟ್ಟುಹೋಗಲಾಗದ ಎಡೆ’. ಕಣಿವೆಯ ಮೇಲೆ ನಿಂತ ಸಿಮಂದೆಫ್ ಶಿಖರದ ಹೆಸರೂ ಒಬ್ಬ ಓಡಿಬಂದವನದೇ: ‘ಬಾಗದವನು’ ಎಂದು. ಸಲಾಜಿಯ ನಡುವೆ ಒಂಟಿಯಾಗಿ ಎದ್ದ ಗುಡ್ಡ ಆಂಶಾಂ. ಅವನೂ ಅವನ ಹೆಂಡತಿ ಏವಾಳೂ ಅದರ ನೆತ್ತಿಯಲ್ಲಿ ಅಡಗಿ ಸಂಸಾರ ಹೂಡಿದರೆಂದು ಐತಿಹ್ಯ. ಕಡಲಂಚಿನ ಊರುಗಳಿಗೆಲ್ಲ ಸಂತರ ಹೆಸರುಗಳು: ಸೇಂ ದೆನಿ, ಸೇಂ ಪೋಲ್, ಸೇಂ ಪಿಯೇರ್. ಮೇಲೆ ಹತ್ತುತ್ತ ಹೋದಂತೆ ಸಂತರು ಹಿಂದೆ ಉಳಿಯುತ್ತಾರೆ, ಓಡಿಬಂದವರು ಎದುರಾಗುತ್ತಾರೆ. ಭೂಪಟವೇ ಚರಿತ್ರೆಯನ್ನು ಇಷ್ಟು ನೇರವಾಗಿ ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

1848ರ ಡಿಸೆಂಬರ್ 20ರಂದು ದ್ವೀಪದಲ್ಲಿ ಅರುವತ್ತು ಸಾವಿರಕ್ಕೂ ಮಿಕ್ಕ ಜನ ಬಿಡುಗಡೆ ಹೊಂದಿದರು. ಆ ಹೊತ್ತಿಗೆ ಭೂಮಿ ಕಳೆದುಕೊಂಡ ಬಡ ಬಿಳಿಯರೂ ಇದೇ ಕೂಪಗಳಿಗೆ ಹತ್ತತೊಡಗಿದ್ದರು. ಈಗ ಮಫಾತಿನಲ್ಲಿರುವ ಏಳೆಂಟು ನೂರು ಜನ ಈ ಎರಡು ಬಳಿಯವರ ಸಂತತಿ. ಯಜಮಾನನಿಂದ ಓಡಿದವನೂ ದಾರಿದ್ರ್ಯದಿಂದ ಓಡಿದವನೂ ಒಂದೇ ದಿಣ್ಣೆಯಲ್ಲಿ ನೆರೆಹೊರೆಯಾದರು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. 2010ರಲ್ಲಿ ಯುನೆಸ್ಕೊ ಸಂಸ್ಥೆ ಈ ಶಿಖರ, ಕೂಪ, ಗೋಡೆಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಸೇರಿಸಿದ್ದು ನಿಸರ್ಗದ ವಿಭಾಗದಲ್ಲಿ. ಅದರ ಸೌಂದರ್ಯಕ್ಕಾಗಿ, ಸಸ್ಯಪ್ರಾಣಿಗಳಿಗಾಗಿ. ಎರಡು ವರ್ಷ ಮುಂಚೆ, 2008ರಲ್ಲಿ, ಪಕ್ಕದ ಮಾರಿಷಸ್ಸಿನ ಲ ಮೋರ್ನ್ ಎಂಬ ಬೆಟ್ಟವೂ ಅದೇ ಪಟ್ಟಿಗೆ ಸೇರಿತ್ತು. ಅದೂ ಕಪ್ಪುಶಿಲೆಯ ಬೆಟ್ಟ, 556 ಮೀಟರು ಮಾತ್ರ. ಸೇರಿದ್ದು ಸಂಸ್ಕೃತಿಯ ವಿಭಾಗದಲ್ಲಿ, ಓಡಿಬಂದ ಗುಲಾಮರ ಆಶ್ರಯಸ್ಥಾನವೆಂಬ ಕಾರಣದಿಂದ. ಒಂದೇ ಸಾಗರ, ಒಂದೇ ಶಿಲೆ, ಒಂದೇ ಬಗೆಯ ಚರಿತ್ರೆ. ಒಂದು ಬೆಟ್ಟ ನೆನಪಾಗಿ ದಾಖಲಾಯಿತು, ಇನ್ನೊಂದು ನೋಟವಾಗಿ. ತೀರ ಚೆಲುವಾಗಿರುವುದೇ ಮಫಾತಿನ ದೌರ್ಭಾಗ್ಯವೇನೋ ಎಂದು ಕೂಡ ಅನ್ನಿಸುತ್ತದೆ.

ಹಾಗಾದರೆ ನಡೆಯುವವನು ಆನಂದಪಡಬಾರದೆ, ಹೆಜ್ಜೆಹೆಜ್ಜೆಗೂ ಮರುಗಬೇಕೆ ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ಮಾರ್ಲಾದಿಂದ ಕೆಳಗೆ ‘ಮೂರು ಬಂಡೆ’ಗಳ ಬಳಿ ಹೊಳೆಯು ಹಾಸುಬಂಡೆಯ ಮೇಲೆ ತೆಳ್ಳಗೆ ಹರಿದು ಥಟ್ಟನೆ ಒಂದು ಬಿರುಕಿನಲ್ಲಿ ಕಾಣೆಯಾಗುವುದನ್ನು ನಾನು ಒಂದು ಗಂಟೆ ಕುಳಿತು ನೋಡಿದೆ, ಎದ್ದು ಬರಲು ಮನಸ್ಸಾಗಲಿಲ್ಲ. ನನ್ನ ಮಾತು ಇಷ್ಟೆ: ಅಲ್ಲಿ ವಾಸವಿದ್ದವರನ್ನು ಅಳಿಸಿ ಬೆಟ್ಟವನ್ನು ವರ್ಣಿಸುವುದು ವರ್ಣನೆಯ ದೃಷ್ಟಿಯಿಂದಲೂ ಸುಳ್ಳು. ಶಿವರಾಮ ಕಾರಂತರು 1943ರಲ್ಲೇ ‘ಬೆಟ್ಟದ ಜೀವ’ವನ್ನು ಬರೆದರು, ಅಲ್ಲಿ ಕಾಡೂ ಇದೆ, ಮಳೆಯೂ ಇದೆ, ಆದರೆ ಹೆಸರು ಜೀವದ್ದು. ಅಂಥ ಕಾದಂಬರಿಯನ್ನು ಓದಿ ಬೆಳೆದ ನಮ್ಮ ಲೇಖಕರು ವಿದೇಶದ ಬೆಟ್ಟ ಕಂಡೊಡನೆ ‘ನಿರ್ಜನ’ವೆಂದು ಬರೆಯುವುದೇಕೆ?

ಈ ಮರೆವು ಸಾಹಿತ್ಯದಲ್ಲೇ ನಿಲ್ಲುವುದಿಲ್ಲ. ಮಫಾತಿಗೆ ರಸ್ತೆಯಿಲ್ಲವೆಂಬುದನ್ನು ನಮ್ಮಂಥವರು ಒಂದು ಸೊಗಸೆಂದು ಹೇಳಿಕೊಳ್ಳುತ್ತೇವೆ. ಹಳ್ಳಿಗಳಲ್ಲಿ ಎಳೆಯ ಮಕ್ಕಳಿಗೆ ಶಾಲೆಯಿದೆ. ಅದು ಮುಗಿದ ಮೇಲೆ ಮಕ್ಕಳು ಮನೆ ಬಿಟ್ಟು ಕಡಲಂಚಿನ ಊರುಗಳಿಗೆ ಹೋಗಬೇಕು. ಅಕ್ಕಿ, ಅನಿಲದ ಸಿಲಿಂಡರು, ಮನೆ ಕಟ್ಟುವ ಸಾಮಾನು ಹೆಲಿಕಾಪ್ಟರಿನಲ್ಲಿ ಬರುತ್ತವೆ, ದುಬಾರಿ. ಇವ್ರೆಂ ಪೋಸೆ ಎಂಬ ಅಂಚೆಯವನು 1951ರಿಂದ 1991ರವರೆಗೆ ನಾಲ್ವತ್ತು ವರ್ಷ ಈ ಇಲೆಯಿಂದ ಆ ಇಲೆಗೆ ಕಾಗದಗಳನ್ನು ಹೊತ್ತು ನಡೆದನು; ಅವನೊಬ್ಬನೇ ಕಣಿವೆಯ ರಸ್ತೆಯಾಗಿದ್ದನೆಂದರೆ ತಪ್ಪಾಗದು. ಅವನ ಹೆಸರು ದ್ವೀಪದಲ್ಲಿ ಎಲ್ಲರಿಗೂ ಗೊತ್ತು. ಅದೇ ದಾರಿಗಳಲ್ಲಿ ಈಗ ಪ್ರತಿ ಅಕ್ಟೋಬರಿನಲ್ಲಿ ದ್ವೀಪವನ್ನು ಅಡ್ಡಹಾಯುವ ಓಟದ ಸ್ಪರ್ಧೆ ನಡೆಯುತ್ತದೆ. ಅದನ್ನು ‘ಹುಚ್ಚರ ಕರ್ಣರೇಖೆ’ ಎನ್ನುತ್ತಾರೆ. ಓಡುವವರು ಸಾವಿರಾರು ಮಂದಿ, ಏರು ಒಟ್ಟು ಸುಮಾರು ಹತ್ತು ಸಾವಿರ ಮೀಟರು. ಹಿಂದೆ ಪ್ರಾಣಕ್ಕಾಗಿ ಓಡಿದ ನೆಲದಲ್ಲಿ ಈಗ ಪದಕಕ್ಕಾಗಿ ಓಡುತ್ತಾರೆ. ಓಡಲಿ, ನನಗೆ ಅದರಲ್ಲಿ ಅಸಮಾಧಾನವಿಲ್ಲ.

ಅಸಮಾಧಾನವಿರುವುದು ಇನ್ನೊಂದು ಸಂಗತಿಯಲ್ಲಿ. ಮಫಾತಿನ ಜನ ತಲೆಮಾರುಗಳಿಂದ ಬಾಳುತ್ತಿರುವ ನೆಲ ಅವರದಲ್ಲ. ಅದು ಆಡಳಿತ ವಿಭಾಗದ ಸೊತ್ತು, ನೋಡಿಕೊಳ್ಳುವುದು ಅರಣ್ಯ ಇಲಾಖೆ; ಜನರು ಅದರಲ್ಲಿ ಗೇಣಿದಾರರು. ಸುತ್ತಣದ್ದೆಲ್ಲ 2007ರಿಂದ ರಾಷ್ಟ್ರೀಯ ಉದ್ಯಾನ. ರಸ್ತೆ ಬೇಕೆ ಬೇಡವೆ, ದಾರಿಯನ್ನು ಅಗಲ ಮಾಡಬೇಕೆ, ಮನೆಗೆ ಇನ್ನೊಂದು ಕೋಣೆ ಕೂಡಿಸಬಹುದೆ ಎಂಬ ಪ್ರಶ್ನೆ ಬಂದಾಗಲೆಲ್ಲ ಪ್ರವಾಸಿಯ ಕಣ್ಣಿನ ಹಿತಕ್ಕೆ ಒಂದು ಬೆಲೆಯಿದೆ. ಆ ತೂಕ ಹೆಚ್ಚಾಯಿತೆಂಬುದು ನನ್ನ ದೃಢವಾದ ಅಭಿಪ್ರಾಯ. ದುರ್ಗಮತೆಯನ್ನು ಉಳಿಸಬೇಕೋ ಬಿಡಬೇಕೋ ಎಂಬುದನ್ನು ಅದರ ಭಾರ ಹೊರುವವರು ತೀರ್ಮಾನಿಸಲಿ. ಅವರು ರಸ್ತೆ ಬೇಡವೆಂದರೆ ನನಗೆ ಸಂತೋಷವೇ. ಬೇಕೆಂದರೆ ನಾಲ್ಕು ದಿನ ನಡೆದು ಹೋಗುವ ನಾನು ಅಡ್ಡ ಬರಬಾರದು.

ಲಾ ನೂವೆಲ್‌ನಲ್ಲಿ ನಾನು ತಂಗಿದ್ದ ಮನೆಯ ಯಜಮಾನಿತಿಯನ್ನು ರಸ್ತೆಯ ಬಗ್ಗೆ ಕೇಳಿದೆ. ಆಕೆ ಕೂಡಲೇ ಉತ್ತರ ಹೇಳಲಿಲ್ಲ. ನನ್ನ ಊರಿನಿಂದ ಆಸ್ಪತ್ರೆ ಎಷ್ಟು ದೂರವೆಂದು ವಿಚಾರಿಸಿದಳು. ಬಸ್ಸಿನಲ್ಲಿ ಮುಕ್ಕಾಲು ಗಂಟೆ ಎಂದೆ. ಇಲ್ಲಿಂದ ಹೆಲಿಕಾಪ್ಟರಿನಲ್ಲಿ ಅದಕ್ಕಿಂತ ಬೇಗ ತಲುಪಬಹುದು ಎಂದಳು. ಬಳಿಕ ಕಣಿವೆಯ ಬಾಯಿಯ ಕಡೆ ಕೈ ತೋರಿಸಿದಳು. ಬೆಳಗಿನ ಹತ್ತು ಗಂಟೆ ಕಳೆದಿತ್ತು; ದಿನವೂ ಆ ಹೊತ್ತಿಗೆ ಏರುವಂತೆ ಮೋಡ ಹೊಳೆಯ ಗುಂಟ ಮೇಲೇರಿ ಬರುತ್ತಿತ್ತು, ಎದುರಿನ ದಿಣ್ಣೆ ಆಗಲೇ ಮರೆಯಾಗಿತ್ತು.